ಆರನೆಯ ದೀಪದಾಚೆ

ಮಧುಗಿರಿ
೮ ಸೆಪ್ಟೆಂಬರ್ ೨೦೨೪, ಭಾನುವಾರ

ಅಂಬರೀಶ,

ಆದರೆ ಫ್ಯಾನು ತಿರುಗುತ್ತಿದೆಯಪ್ಪ, ಅದು ಕೆಟ್ಟಿದೆ ಎಂದು ನಾನೆಲ್ಲೂ ಹೇಳಿಲ್ಲ. ಎರಡು ಫ್ಯಾನೂ ತಿರುಗುತ್ತವೆ, ಒಳಗೆ ಹಸಿರು ದೀಪವೂ ಹತ್ತುತ್ತದೆ. ನಿನ್ನೆಯ ಕಾಗದದಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದೆ. ಅದನ್ನು ಹರಿದು ಹಾಕಿದ್ದರಿಂದ ನಿನಗೆ ಗೊತ್ತಿರುವುದು ಸಾಧ್ಯವಿಲ್ಲ. ಮೊನ್ನೆಯದನ್ನೂ ಹರಿದೆ. ತಲೆಯಲ್ಲಿ ನಿನ್ನ ಜೊತೆ ಮಾತು ನಡೆಯುತ್ತಲೇ ಇರುತ್ತದೆ, ಹಾಗಾಗಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನಗೆ ಈಗ ಸರಿಯಾಗಿ ಕೇಳುವುದಿಲ್ಲ. ಅದಕ್ಕೇ ಕಾಗದ.

ವಿಷಯ ನಿನ್ನಕ್ಕನ ಕಂಪ್ಯೂಟರಿನದು. ಅವಳು ಕಳ್ಳಂಬೆಳ್ಳದ ಶಾಲೆಯಿಂದ ನಿವೃತ್ತಳಾಗಿ, ಮೊಣಕಾಲು ಪೂರ್ತಿ ಕೈಕೊಟ್ಟು, ಮನೆಯಲ್ಲೇ ಕೂರುವಂತಾದಾಗ ನೀನು ಪರದೆಯ ಚಿತ್ರ ಬಿಡಿಸುವ ನಿನ್ನ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ತಂದು ಅವಳ ಕಂಪ್ಯೂಟರಿಗೆ ಹಾಕಿಕೊಟ್ಟೆಯಲ್ಲ, ಆ ಬಾಹ್ಯಾಕಾಶದ ಆಟವನ್ನೂ ಕಲಿಸಿಕೊಟ್ಟೆಯಲ್ಲ, ಅದು. ಅವಳು ಹೋದ ಮೇಲೆ ಅದಕ್ಕೆ ಅವಳೇ ಹೊಲಿದಿದ್ದ ಗವಸು ಹೊದಿಸಿ ಇಟ್ಟಿದ್ದೆ. ಏಳು ತಿಂಗಳ ನಂತರ ಹೋದ ವಾರ ಹಾಕಿದೆ. ಆಟದಲ್ಲಿ ಅವಳ ಹಡಗು ಒಂದು ಗ್ರಹದ ಮೇಲೆ, ಆಕಾಶದಲ್ಲಿ, ನಿಂತಲ್ಲೇ ನಿಂತಿದೆ. ಗ್ರಹಕ್ಕೆ ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ‘ಮದ್ದಗಿರಿ’ ಎಂದು ಹೆಸರಿಟ್ಟಿದ್ದಾಳೆ. ಊರಿನ ಹಳೆಯ ಹೆಸರು.

ಆಕಾಶದಲ್ಲಿ ಇರುವಷ್ಟು ಹೊತ್ತು ಎಲ್ಲ ಸರಾಗ. ಮೂಲೆಯಲ್ಲಿ ನಲವತ್ತೈದು, ಐವತ್ತು ಎಂದು ಸಂಖ್ಯೆ ಬರುತ್ತದೆ. ಅದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತಿದೆ ಎಂಬ ಲೆಕ್ಕವೆಂದು ನಿನ್ನಕ್ಕ ಒಮ್ಮೆ ಹೇಳಿದ್ದು ನೆನಪು. ಕಪ್ಪು ಬಿಡಿಸುವುದೇನು ಕಷ್ಟ? ಗ್ರಹದ ಹತ್ತಿರ ಇಳಿದೊಡನೆ ಕಲ್ಲು, ಹುಲ್ಲು, ಮೋಡ ಎಲ್ಲ ಒಟ್ಟಿಗೆ ಬಂದು ಮುಗಿಬೀಳುತ್ತವೆ. ಇಪ್ಪತ್ತು, ಹನ್ನೆರಡು, ಏಳು. ಆಮೇಲೆ ಕಾರ್ಡು ಕಿರುಚಿ ಎಲ್ಲವೂ ಆರಿಹೋಗುತ್ತದೆ. ನಾಲ್ಕು ದಿನದಲ್ಲಿ ಒಂಬತ್ತು ಸಲ ಹಾಗಾಯಿತು. ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು ಹೇಳುತ್ತಿದ್ದ ಲಾ ಆಫ್ ಡಿಮಿನಿಷಿಂಗ್... ರಿಟರ್ನೋ ಯುಟಿಲಿಟಿಯೋ, ಅದು ಇದೇ ಇರಬೇಕು.

ನಾನೇಕೆ ಆ ಗ್ರಹದ ಮೇಲೆ ಇಳಿಯಬೇಕು ಎಂದು ನೀನು ಕೇಳಬಹುದು. ಫೆಬ್ರವರಿಯಲ್ಲಿ, ಅವಳನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸುವುದಕ್ಕೆ ಎರಡು ದಿನ ಮುಂಚೆ, ಸಂಜೆ ಒಳಕೋಣೆಯಿಂದ ಕರೆದಳು. “ರೀ, ಬನ್ನಿ ಒಂದ್ಗಳಿಗೆ. ಮೇಲಿಂದ ಹೆಂಗೆ ಕಾಣುತ್ತೆ ತೋರಿಸ್ತೀನಿ.” ವಾರ್ತೆ ಮುಗಿಯಲಿ, ಬರುತ್ತೇನೆ ಅಂದೆ. ವಾರ್ತೆ ಮುಗಿಯಿತು, ಚರ್ಚೆ ಶುರುವಾಯಿತು, ಅದನ್ನೂ ನೋಡಿದೆ. ಒಳಗೆ ಹೋದಾಗ ಅವಳು ಅದನ್ನು ಆರಿಸಿ ಅವರೆಕಾಯಿ ಬಿಡಿಸುತ್ತಿದ್ದಳು. ಏನೇ ಅದು ಎಂದು ಕೇಳಿದ್ದಕ್ಕೆ, “ನಾಳೆ ತೋರಿಸಿದ್ರಾಯ್ತು ಬುಡಿ” ಅಂದಳು. ಆ ನಾಳೆ ಬಂದಾಗ ನಾನೂ ಕೇಳಲಿಲ್ಲ, ಅವಳೂ ಕರೆಯಲಿಲ್ಲ.

ಅದೇನೆಂದು ನಾನು ನೋಡಬೇಕು. ಅಷ್ಟೇ. ಅದಕ್ಕೆ ನೀನಲ್ಲದೆ ಬೇರೆ ಯಾರನ್ನು ಕೇಳಲಿ?

ಅವಳ ಹನ್ನೊಂದನೆಯ ದಿನದ ಊಟಕ್ಕೆ ಕೂತವರೆಲ್ಲರ ಎದುರು ನಾನು, ನೀನು ತಂದುಕೊಟ್ಟ ಡಬ್ಬವೇ ನಿನ್ನಕ್ಕನನ್ನು ತಿಂದಿತು ಅಂದೆ. ನೀನು ಎಲೆ ಬಿಟ್ಟು ಎದ್ದೆ. ಅದರ ಬಗ್ಗೆ ಬರೆಯಲು ಹೊರಟಾಗಲೇ ಹಿಂದಿನ ಎರಡು ಕಾಗದ ಹರಿದದ್ದು. ಇದನ್ನು ಹರಿಯುವ ಮೊದಲೇ ಅಂಟು ಹಚ್ಚುತ್ತೇನೆ.

ಇಂತು ನಿನ್ನ ಭಾವ,
ಸಂಜೀವಯ್ಯ


ರಾಯಚರ್ಲು
೧೯ ಸೆಪ್ಟೆಂಬರ್

ಭಾವ,

ಕಾಗದ ಬಂತು. ನಾನು ಕೈಯಲ್ಲಿ ಕಾಗದ ಬರೆದು ಇಪ್ಪತ್ತು ವರ್ಷ ಆಗಿರಬೇಕು.

ಆ ಕಾರ್ಡಿಗೆ ಈಗ ಎಂಟು ವರ್ಷ. ಕೊಂಡ ದಿನವೇ ಅದು ನಡುಮಟ್ಟದ್ದು. ಆ ಆಟಕ್ಕೆ ಬೇಕಾದ್ದು ಇದರ ಎರಡರಷ್ಟು ತಾಕತ್ತು. ಹಾಗಿದ್ದೂ ಅಕ್ಕ ಅದರಲ್ಲೇ ನಾಲ್ಕು ವರ್ಷ ಆಡಿದಳು.

ಮೊದಲು ಇಂಟರ್ನೆಟ್ಟಿನ ವೈರು ಕಿತ್ತಿಡಿ. ಹೊಸ ಅಪ್‌ಡೇಟ್ ಇಳಿದರೆ ಆಟ ಈ ಕಾರ್ಡಿನಲ್ಲಿ ಏಳುವುದೇ ಇಲ್ಲ, ಅಕ್ಕ ಮಾಡಿದ್ದೆಲ್ಲ ಒಳಗೇ ಉಳಿದುಬಿಡುತ್ತೆ. ಎರಡನೆಯದು, ಆ ಗವಸು ಪೂರ್ತಿ ತೆಗೆದು ಆಡುತ್ತಿದ್ದೀರಾ, ಇಲ್ಲ ಮುಂದೆ ಮಾತ್ರ ಎತ್ತಿದ್ದೀರಾ ನೋಡಿ. ನಿಮ್ಮ ಟೀವಿಗೆ ಮಾಡುವುದು ಹಾಗೇ. ಅದಕ್ಕೆ ಉಸಿರಾಡಲು ಜಾಗ ಬೇಕು. ಡಿಗ್ರಿ ಎಂಬತ್ತೈದು ದಾಟಿದರೆ ನಿಲ್ಲಿಸಿ.

ಉಳಿದ ವಿಷಯದ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಅಂಬರೀಶ್


ಮಧುಗಿರಿ
೧೪ ಅಕ್ಟೋಬರ್

ಅಂಬರೀಶ,

ಗವಸು ಮುಂದೆ ಮಾತ್ರ ಎತ್ತಿದ್ದೆ. ನೀನು ಪಾವಗಡದಾಚೆಯ ರಾಯಚರ್ಲಿನಲ್ಲಿ, ಕೆಲಸದ ಸೋಲಾರ್ ಹಲಗೆಗಳ ನಡುವೆ ನಿಂತು ಇದನ್ನು ಹೇಗೆ ಕಂಡೆಯೋ. ಈಗ ಪೂರ್ತಿ ತೆಗೆದಿದ್ದೇನೆ. ವೈರೂ ಕಿತ್ತಿದ್ದೇನೆ. ಬಿಸಿ ಎಂಟು ಡಿಗ್ರಿ ಇಳಿಯಿತು, ಗ್ರಹದ ಮೋಡದ ತನಕ ಇಳಿದೆ. ಒಂದು ಬೆಟ್ಟದ ನೆತ್ತಿ ಕಂಡ ಹಾಗಾಯಿತು, ಆಗ ಆರಿತು.

ಈಗ ಬರೆಯುವುದನ್ನು ಕೋಪ ಮಾಡಿಕೊಳ್ಳದೆ ಓದು. ವಿತ್ ರೆಫರೆನ್ಸ್ ಟು ದ ಅಬೌವ್, ಒಂದು ಅಚಾತುರ್ಯ ನಡೆದಿದೆ.

ಮೊನ್ನೆ ಆಯುಧಪೂಜೆ. ನಮ್ಮ ಪಿಡಬ್ಲ್ಯುಡಿ ಆಫೀಸಿನಲ್ಲಿ ಟೈಪ್‌ರೈಟರಿನಿಂದ ಹಿಡಿದು ಕಾಗದಕ್ಕೆ ತೂತು ಹಾಕುವ ಯಂತ್ರದ ತನಕ ಎಲ್ಲಕ್ಕೂ ಕುಂಕುಮ ಹಚ್ಚುತ್ತಿದ್ದವನು ನಾನೇ. ಮನೆಯಲ್ಲಿ ಈ ಕೆಲಸ ನಿನ್ನಕ್ಕನದು. ಈ ವರ್ಷ ಕುಕ್ಕರು, ಮಿಕ್ಸಿ, ನನ್ನ ಸ್ಕೂಟರು ಎಲ್ಲ ಮುಗಿಸಿ ಅವಳ ಕಂಪ್ಯೂಟರಿನ ಮುಂದೆ ನಿಂತೆ. ಹೊರಗಿನ ಡಬ್ಬಕ್ಕೆ ಹಚ್ಚಿ ಏನು ಪ್ರಯೋಜನ, ದುಡಿಯುತ್ತಿರುವುದು ಒಳಗಿನ ಕಾರ್ಡಲ್ಲವೆ ಅನ್ನಿಸಿತು. ಪಕ್ಕದ ಬಾಗಿಲು ಬಿಚ್ಚಿ ಕಾರ್ಡಿಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಮೇಲೆ ಒಂದು ಚೆಂಡು ಹೂವನ್ನೂ ಕೂರಿಸಿದೆ. ಕೈಮುಗಿದು ಸ್ವಿಚ್ಚು ಒತ್ತಿದೆ. ಫ್ಯಾನು ಅಷ್ಟನ್ನೂ ಒಳಕ್ಕೆ ಎಳೆದುಕೊಂಡಿತು.

ಈಗ ಆಟ ತೆರೆದ ಐದು ನಿಮಿಷಕ್ಕೆ ತೊಂಬತ್ತೊಂದು ಡಿಗ್ರಿ. ಹೂವಿನ ವಾಸನೆ, ಸುಟ್ಟ ವಾಸನೆ ಎರಡೂ ಬರುತ್ತಿವೆ. ಪಕ್ಕದ ಮನೆಯ ಮಂಜಮ್ಮ ಬಾಗಿಲಲ್ಲಿ ಇಣುಕಿ, “ಏನಣ್ಣ, ಮಿಷನ್ನಿಗೆ ಹೋಮ ಮಾಡಿಬುಟ್ಟಿದೀರಾ?” ಅಂದರು. ಸಿರಾದಲ್ಲಿ ರಿಪೇರಿಯವನಿಗೆ ತೋರಿಸಿದೆ. ಅವನು, ಇದು ಬಹಳ ಹಳತು, ಬಿಸಾಕಿ ಬೇರೆ ಹಾಕಿಸಿ, ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಕೊಡುತ್ತೇನೆ ಅಂದ. ಅಳಿಸುವ ಮಾತು ಬಂದೊಡನೆ ಅದನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ಏನು ಮಾಡಲಿ ಹೇಳು. ಅವಳು ಬದುಕಿದ್ದಾಗ ಅದಕ್ಕೆ ಒಂದು ಹೂವು ಇಟ್ಟವನಲ್ಲ ನಾನು.

ಸದ್ಯಕ್ಕೆ ಇಷ್ಟು,
ಸಂಜೀವಯ್ಯ


ಮಧುಗಿರಿ
೨೧ ನವೆಂಬರ್

ಅಂಬರೀಶ,

ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ ಎಂದು ಬರೆಯಲು ಕೂತಿದ್ದೆ. ಅದು ಸುಳ್ಳಾಗುತ್ತದೆ.

ನಾನು ಮೊನ್ನೆ ಬೆಳಿಗ್ಗೆ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದೆ. ಯಾವ ದಿನ ಹೋಗುತ್ತೇನೆಂದು ಮಂಜಮ್ಮನಿಗೆ ಮಾತ್ರ ಹೇಳಿದ್ದೆ, ಕೀಲಿಯೂ ಅವರ ಹತ್ತಿರವೇ ಇರುತ್ತದೆ. ಅಲ್ಲಿ ಹೆಬ್ಬೆರಳಿನ ಗುರುತು ಕೂರದೆ ಮೂರು ಗಂಟೆ ಹಿಡಿಯಿತು. ನಾನು ಬದುಕಿದ್ದೇನೆಂದು ಯಂತ್ರ ಒಪ್ಪಿ ಮನೆಗೆ ಬಂದಾಗ ಒಳಕೋಣೆಯ ನೆಲದ ಮೇಲೆ ನ್ಯೂಸ್‌ಪೇಪರು ಹಾಸಿತ್ತು, ಮೇಲೆ ಕೆಂಪಾದ ಹತ್ತಿಯ ಉಂಡೆಗಳು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಒಣಗಿದ ಹೂವಿನ ಎಸಳು. ಅಡುಗೆಮನೆಯಲ್ಲಿ ಒಂದು ಲೋಟ ತೊಳೆದು ಬೋರಲು ಹಾಕಿತ್ತು. ಲೋಟವನ್ನು ಹಾಗೆ ಗೋಡೆಗೆ ಒರಗಿಸಿ ಬೋರಲು ಹಾಕುವುದನ್ನು ಒಬ್ಬಳೇ ಕಲಿಸಿದ್ದು, ಒಬ್ಬನಿಗೇ. ತಾಯಿಯಿಲ್ಲದ ನಿನ್ನನ್ನು ಆರು ವರ್ಷದವನಿದ್ದಾಗ ಇದೇ ಅಡುಗೆಮನೆಗೆ ಕರೆತಂದವಳು ಅವಳು. ನಮಗೆ ಬೇರೆ ಮಕ್ಕಳಾಗಲಿಲ್ಲ ಎಂಬುದು ನನಗೆ ಎಷ್ಟೋ ವರ್ಷ ನೆನಪೇ ಆಗುತ್ತಿರಲಿಲ್ಲ.

ಮಂಜಮ್ಮನನ್ನು ಕೇಳಿದರೆ, “ಯಾರು ಬಂದಿದ್ರು ಅಂತ ಹೇಳ್ಬೇಡಿ ಅಂದವ್ರೆ ಕಣಣ್ಣ, ನಾನು ಹೇಳಾಕಿಲ್ಲ” ಎಂದರು. ಪಾವಗಡದ ಬಸ್ಸು ಹನ್ನೆರಡೂವರೆಗೆ ಹೊರಡುತ್ತದೆ, ಊಟ ಮಾಡಿ ಹೋಗಿ ಅಂದರೂ ನಿಲ್ಲಲಿಲ್ಲ ಎಂದು ಆಮೇಲೆ ಅವರೇ ಹೇಳಿಬಿಟ್ಟರು.

ಕಾರ್ಡು ಈಗ ಎಪ್ಪತ್ತೆರಡು ಡಿಗ್ರಿ. ಒಳಗೆ ಬಿಸಿ ಎಳೆಯುವ ಹೊಸ ಪೇಸ್ಟು ಹಚ್ಚಿದ್ದೀಯ ಎಂದು ಕಾಣುತ್ತದೆ. ಶಬ್ದವೇ ಬದಲಾಗಿದೆ, ಮೊದಲಿನ ಹಾಗೆ ಗುಂಯ್ ಎನ್ನುತ್ತದೆ. ಅವಳು ಒಳಗೆ ಆಡುವಾಗ ಹಜಾರಕ್ಕೆ ಕೇಳುತ್ತಿದ್ದ ಶಬ್ದ ಅದು. ಸುಮ್ಮನೆ ಹಾಕಿಟ್ಟು ಹಜಾರದಲ್ಲಿ ಕೂತಿದ್ದೆ, ಸ್ವಲ್ಪ ಹೊತ್ತು.

ನೀನು ಕಾಯಲಿಲ್ಲ. ಇರಲಿ. ನಿನಗೆ ತೊಂದರೆಯಾಗದಿದ್ದರೆ ಮುಂದಿನ ಸಲ ಒಂದು ಬಸ್ಸು ತಪ್ಪಿಸಿಕೋ.

ಸಂಜೀವಯ್ಯ


ಮಧುಗಿರಿ
೪ ಡಿಸೆಂಬರ್

ಅಂಬರೀಶ,

ಇಳಿದೆ. ಮದ್ದಗಿರಿಯ ಮೇಲೆ ಕಾಲಿಟ್ಟೆ. ಅಲ್ಲಿ ಏನೂ ಇಲ್ಲ.

ಕ್ರಮವಾಗಿ ಹೇಳುತ್ತೇನೆ. ಇನ್ನೊಮ್ಮೆ ಆರಬಾರದೆಂದು ಸೆಟ್ಟಿಂಗಿಗೆ ಹೋಗಿ ಎಲ್ಲವನ್ನೂ ಕೆಳಗಿಳಿಸಿದೆ. ನೆರಳು ಕಡಿಮೆ, ಹುಲ್ಲು ಕಡಿಮೆ, ದೂರದ ವಸ್ತು ಕಡಿಮೆ. ಅವಳು ಕೆಲವನ್ನು ಹೈ ಎಂದೂ ಕೆಲವನ್ನು ಅದಕ್ಕೂ ಮೇಲಿನ ಅಲ್ಟ್ರಾ ಎಂದೂ ಇಟ್ಟಿದ್ದಳು, ಬಡ ಕಾರ್ಡಿನ ಮೇಲೆ ಇಷ್ಟೇಕೆ ಹೊರೆ ಎಂದುಕೊಂಡೆ. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸುವ ಒಂದು ಉಪಾಯವಿದೆಯಂತೆ, ಅದನ್ನೂ ಹಾಕಿದೆ. ಸ್ಟುಡಿಯೋದವರು ಅವಳ ಪಾಸ್‌ಪೋರ್ಟ್ ಫೋಟೋವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಟ್ಟರಲ್ಲ, ಹಜಾರದಲ್ಲಿ ನೇತು ಹಾಕಿರುವುದು, ಹಾಗೆ. ಅಂಚು ಮಸುಕು, ಆದರೆ ಗುರುತು ಸಿಗುತ್ತದೆ. ಮೂಲೆಯ ಸಂಖ್ಯೆ ನಲವತ್ತು ಫ್ರೇಮಿಗೆ ಏರಿತು. ಬೆಣ್ಣೆಯಂತೆ ಇಳಿಯಿತು ಹಡಗು.

ಎದುರಿಗೆ ಒಂದೇ ಬಂಡೆಯ ದೊಡ್ಡ ಬೆಟ್ಟ. ನಮ್ಮ ಊರಿನ ಬೆಟ್ಟವನ್ನು ಹೋಲುವಂಥದ್ದನ್ನೇ ಹುಡುಕಿ ಹಿಡಿದಿದ್ದಾಳೆ. ಎಷ್ಟು ಗ್ರಹ ಸುತ್ತಿದಳೋ. ಬುಡದಲ್ಲಿ ಒಂದು ಮರದ ಹಲಗೆ, ಅದರ ಪಕ್ಕ ಒಂದು ಮೋಟು ಕಂಬ. ಅಷ್ಟೇ. ಬೆಟ್ಟ ಬೋಳು. ಸುತ್ತ ಒಂದು ಗಂಟೆ ನಡೆದೆ. ಬೆನ್ನಿಗೆ ಹಾರುವ ಯಂತ್ರ ಕಟ್ಟಿದ್ದಾರೆ, ಎರಡು ಗುಂಡಿ ಒಟ್ಟಿಗೆ ಒತ್ತುವುದು ನನ್ನ ಬೆರಳಿಗೆ ಆಗದು.

ಆ ಸಂಜೆ ಈ ಬೋಳು ಬಂಡೆ ತೋರಿಸಲು ಕರೆದಳೆ? ಅಸಲಿ ಬೆಟ್ಟವನ್ನು ಪ್ರತಿ ಭಾನುವಾರ ಹತ್ತುತ್ತಿದ್ದವನು ನಾನು, ಇಪ್ಪತ್ತೆರಡು ವರ್ಷ. ಮೊಣಕಾಲಿನಿಂದಾಗಿ ಅವಳು ಕೆಳಗೆ ಗೇಟಿನ ಹತ್ತಿರ ಮಜ್ಜಿಗೆಯ ಬಾಟಲಿ ಹಿಡಿದು ಕೂತಿರುತ್ತಿದ್ದಳು. ಬಿಸಿಲು, ತಲೆಗೆ ಕಟ್ಟಿಕೊಳ್ಳಿ ಎಂದು ಬಿಳಿ ಟವಲು ಕೊಡುತ್ತಿದ್ದಳು. ಮೇಲಿನಿಂದ ಕೊರಟಗೆರೆ ಕಡೆಯ ಗುಡ್ಡಗಳು ಹೇಗೆ ಕಾಣುತ್ತವೆ, ಕೆರೆ ಹೇಗೆ ಕಾಣುತ್ತದೆ ಎಂದು ಇಳಿದು ಬಂದು ಅವಳಿಗೆ ವರ್ಣಿಸುತ್ತಿದ್ದವನು ನಾನು. ನನಗೇ ತೋರಿಸುವಂಥದ್ದು ಇವಳಿಗೆ ಏನಿತ್ತು?

ಅಥವಾ ಏನೋ ಇತ್ತು, ನಾನು ಅದನ್ನು ಕುಂಕುಮ ಹಾಕಿ ಸುಟ್ಟೆ.

ನಿನ್ನ ಭಾವ


ರಾಯಚರ್ಲು
೧೭ ಡಿಸೆಂಬರ್

ಭಾವ,

ಸುಟ್ಟಿಲ್ಲ. ಕಾರ್ಡು ಸುಟ್ಟರೂ ಅವೆಲ್ಲ ಅದರಲ್ಲಿ ಇರುವುದಿಲ್ಲ, ಬೇರೆ ಡಿಸ್ಕಿನಲ್ಲಿ ಇರುತ್ತವೆ. ಕಾರ್ಡಿನ ಕೆಲಸ ತೋರಿಸುವುದು ಮಾತ್ರ. ನೀವೇ ಅದಕ್ಕೆ ದೂರದ್ದು ತೋರಿಸಬೇಡ, ಸಣ್ಣದ್ದು ತೋರಿಸಬೇಡ ಅಂತ ಹೇಳಿ ಕೂರಿಸಿದ್ದೀರಿ. ಅದು ತೋರಿಸಲಿಲ್ಲ.

ನಾನೂ ಅಕ್ಕನಿಗೆ ಹೇಳಿ ಹೇಳಿ ಸಾಕಾಗಿದ್ದೆ. ಎಲ್ಲವನ್ನೂ ‘ಲೋ’ಗೆ ಇಳಿಸು, ನಲವತ್ತು ಬರುತ್ತೆ, ಯಾಕೆ ಹನ್ನೊಂದರಲ್ಲಿ ಒದ್ದಾಡ್ತೀಯಾ ಅಂತ. ಒಂದು ದಿನವೂ ಕೇಳಲಿಲ್ಲ. ಕೊನೆಗೆ ಅವಳು ಅಂದದ್ದು ಹಂಗೇ ಬರೆಯುತ್ತೇನೆ: “ನಿಂತು ನಿಂತು ಹೋಗ್ಲಿ ಬುಡೋ. ನಿಮ್ಮ ಭಾವ ಬೆಟ್ಟ ಹತ್ತಿದಂಗೆ ಹತ್ತುತ್ತೆ. ನೋಡಿ ನೋಡಿ ನಂಗೆ ಅಭ್ಯಾಸ ಐತೆ.”

ಎಲ್ಲವನ್ನೂ ಮತ್ತೆ ಅವಳು ಇಟ್ಟಿದ್ದ ಹಾಗೇ ಇಡಿ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನು ಹಚ್ಚಿ. ಅವಳು ಕರೆದದ್ದು ಸಂಜೆ ಅಂದಿರಿ, ಆಟದೊಳಗೂ ಸಂಜೆಯಾಗುವ ತನಕ ಕಾಯಿರಿ. ಎಳೆದೆಳೆದು ಬರುತ್ತೆ, ಬೈಯಬೇಡಿ ಅದನ್ನು.

ಅಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ. ಅವತ್ತು ಬಂದಾಗ ತೆರೆದು ನೋಡಬಹುದಿತ್ತು. ನೋಡಲಿಲ್ಲ. ಅವಳು ಕರೆದದ್ದು ನಿಮ್ಮನ್ನು.

ಅಂಬರೀಶ್


ಮಧುಗಿರಿ
೧೨ ಜನವರಿ ೨೦೨೫, ಭಾನುವಾರ

ಅಂಬರೀಶ,

ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿದೆ. ಪಕ್ಕದಲ್ಲಿ ಈ ಹಾಳೆ ಇಟ್ಟುಕೊಂಡು ಆಗಾಗ ಬರೆಯುತ್ತಿದ್ದೇನೆ, ಏಕೆಂದರೆ ಕಾರ್ಡಿಗೆ ಬಿಡುವು ಕೊಡಬೇಕು. ಮೂರು ವಾರ ಧೈರ್ಯ ಬರಲಿಲ್ಲ. ಇವತ್ತೂ ನೋಡಿ ಏನೂ ಇಲ್ಲದಿದ್ದರೆ ಆಮೇಲೆ ಎದುರು ನೋಡಲು ನನ್ನ ಹತ್ತಿರ ಬೇರೇನೂ ಇರುವುದಿಲ್ಲ ಎಂಬ ಭಯ.

ಎಲ್ಲವನ್ನೂ ಅವಳು ಇಟ್ಟಿದ್ದ ಹಾಗೆ ಮೇಲಕ್ಕೆ ಎಳೆದೆ. ಹನ್ನೊಂದು ಫ್ರೇಮು. ಎಂಬತ್ತಮೂರು ಡಿಗ್ರಿ. ಟೇಬಲ್ ಫ್ಯಾನು ಅದಕ್ಕೆ, ಸೆಖೆ ನನಗೆ. ಬುಡದ ಹಲಗೆಯ ಹತ್ತಿರ ಬೆಟ್ಟದ ಕಡೆ ಮುಖ ಮಾಡಿ ನಿಂತೆ. ಆ ಲೋಕದಲ್ಲಿ ಸೂರ್ಯ ಇಳಿಯುತ್ತಿದ್ದ. ಮೊದಲು ಹುಲ್ಲು ಬಂತು, ಅಲ್ಲೊಂದು ಇಲ್ಲೊಂದು ಪೊದೆ. ಆಮೇಲೆ ಬಂಡೆಯ ಮೇಲೆ ಒಂದು ದೀಪ ಹತ್ತಿತು. ಅದರ ಮೇಲೆ ಇನ್ನೊಂದು. ಒಟ್ಟು ಆರು.

ಎಷ್ಟು ವಕ್ರವಾಗಿವೆ ಎಂದರೆ ನನಗೆ ನಗು ಬಂತು. ರಂಗೋಲಿಯ ಚುಕ್ಕಿಯನ್ನು ಅಳತೆ ಹಿಡಿದಂತೆ ಇಡುತ್ತಿದ್ದವಳು ನಿನ್ನಕ್ಕ. ಇಲ್ಲಿ ಮೊದಲ ದೀಪ ಬುಡದಿಂದ ಬಹಳ ದೂರ. ಎರಡನೆಯದು ಅದಕ್ಕೆ ಹತ್ತಿರ. ಮೂರನೆಯದು ಇನ್ನೂ ಹತ್ತಿರ. ನಾಲ್ಕನೆಯದು ಮತ್ತೆ ದೂರ. ಹತ್ತತೊಡಗಿದೆ. ಹೆಜ್ಜೆ ಇಟ್ಟರೆ ಚಿತ್ರ ನಿಲ್ಲುತ್ತದೆ, ನಾನೂ ನಿಲ್ಲುತ್ತೇನೆ, ಮತ್ತೆ ಒಂದು ಹೆಜ್ಜೆ. ಮೂರನೆಯ ದೀಪದ ಹತ್ತಿರ ಬಂದಾಗ ಗೊತ್ತಾಯಿತು. ಮೂರರಿಂದ ನಾಲ್ಕರ ನಡುವೆ ದೂರ ಏಕೆಂದರೆ ನಮ್ಮ ಬೆಟ್ಟದಲ್ಲಿ ಅಲ್ಲಿ ಬರೀ ಕಂಬಿ, ಕೂರಲು ಜಾಗವಿಲ್ಲ.

ಅವು ನಾನು ಸುಧಾರಿಸಿಕೊಳ್ಳುತ್ತಿದ್ದ ಜಾಗಗಳು, ಅಂಬರೀಶ. ಬಿಸಿಲಿಗೆಂದು ಕೊಟ್ಟ ಬಿಳಿ ಟವಲು ಎಲ್ಲೆಲ್ಲಿ ನಿಲ್ಲುತ್ತದೆಂದು ಕೆಳಗೆ ಕೂತು ಇಪ್ಪತ್ತೆರಡು ವರ್ಷ ನೋಡಿದ್ದಾಳೆ.

ಆರನೆಯದರ ವಿಷಯ ಬರೆಯುವುದು ಕಷ್ಟ. ಅದು ಒಂದು ದೊಡ್ಡ ಬಂಡೆಗುಂಡಿನ ಮಗ್ಗುಲಲ್ಲಿ ಇದೆ, ಕೆಳಗಿನಿಂದ ಅರ್ಧ ಮಾತ್ರ ಕಾಣುವ ಹಾಗೆ. ನಮ್ಮ ಬೆಟ್ಟದಲ್ಲೂ ಅಂಥದೇ ಗುಂಡು ಇದೆ. ನಾನು ಅದರ ಹಿಂದೆ ಮುಕ್ಕಾಲು ಗಂಟೆ ಕೂತು ಇಳಿಯುತ್ತಿದ್ದೆ. ಅಲ್ಲಿಂದ ಮೇಲೆ ಬೋಳು ಬಂಡೆ, ಕಡಿದಾದದ್ದು, ಅದನ್ನು ಕಂಡರೆ ನನಗೆ ಹೆದರಿಕೆ. ನಾನು ಒಂದು ದಿನವೂ ಬೆಟ್ಟದ ತುದಿ ಹತ್ತಿದವನಲ್ಲ. ಕೊರಟಗೆರೆ ಕಡೆಯ ಗುಡ್ಡ, ಕೆರೆ, ಎಲ್ಲ ಬೇರೆಯವರು ಹೇಳಿದ್ದು ಕೇಳಿ ಕಟ್ಟಿದ್ದು. ಹುಡುಗನಿದ್ದಾಗ ನಿನಗೂ ಹೇಳುತ್ತಿದ್ದೆನಲ್ಲ, ಅದೂ ಹಾಗೆಯೇ. ಗುಂಡಿನ ಹಿಂದೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಆದರೆ ಮೇಲಿನ ಬೋಳು ಬಂಡೆಯ ಮೇಲೆ ಬಿಳಿ ಟವಲು ಒಮ್ಮೆಯೂ ಕಾಣಿಸಲಿಲ್ಲ ಎಂಬುದು ಕೆಳಗೆ ಕೂತವಳಿಗೆ ಕಂಡೇ ಕಾಣುತ್ತದೆ. ಆರನೆಯ ದೀಪದ ಮೇಲೆ ಅವಳು ಒಂದು ದೀಪವನ್ನೂ ಇಟ್ಟಿಲ್ಲ.

ಗೊತ್ತಿದ್ದೂ ಪ್ರತಿ ಭಾನುವಾರ ಮಜ್ಜಿಗೆ ಕೊಟ್ಟು, “ಇವತ್ತು ಮೇಲಿಂದ ಏನೇನು ಕಂಡ್ತು?” ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ.

ಎಂಬತ್ತಾರು ಡಿಗ್ರಿಗೆ ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಿಸಿದೆ. ಮುಖ ತೊಳೆದು ಬಂದೆ.

ಆಮೇಲೆ ಹತ್ತಿದೆ. ಆ ಬೋಳು ಬಂಡೆಯನ್ನು ದೀಪವಿಲ್ಲದೆ ಹತ್ತಿದೆ. ಕಂಪ್ಯೂಟರಿನಲ್ಲಿ ಹತ್ತುವಾಗಲೂ ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದಿದ್ದೆ ಎಂದರೆ ನೀನು ನಂಬುವುದಿಲ್ಲ. ತುದಿಯಲ್ಲಿ ಒಂದು ಹಲಗೆ, ಬುಡದಲ್ಲಿ ಕಂಡಂಥದ್ದೇ, ಆದರೆ ಇಬ್ಬರು ಕೂರುವಷ್ಟು ಉದ್ದ. ಒಂದು ತುದಿಗೆ ಕೂತು ಮುಂದೆ ನೋಡಿದೆ. ಗುಡ್ಡವಿಲ್ಲ, ಕೆರೆಯಿಲ್ಲ, ಬರೀ ಮಂಜು. ಇದನ್ನೇನು ತೋರಿಸುವುದಿತ್ತು ಎಂದುಕೊಂಡು ತಲೆ ತಗ್ಗಿಸಿದೆ.

ಹಲಗೆಯನ್ನು ಅವಳು ಮುಂದೆ ನೋಡಲು ಹಾಕಿದ್ದಲ್ಲ. ತಲೆ ತಗ್ಗಿಸಿದರೆ ಆರು ದೀಪ, ಮತ್ತೂ ಕೆಳಗೆ, ಬುಡದ ಆ ಮೋಟು ಕಂಬದ ತುದಿಯಲ್ಲಿ ಏಳನೆಯದು. ಸಣ್ಣದು, ಹಳದಿ. ಹತ್ತುವಾಗ ನಾನು ಅದಕ್ಕೆ ಬೆನ್ನು ಹಾಕಿದ್ದೆ. ಅದು ಅವಳು ಕೂರುತ್ತಿದ್ದ ಜಾಗ. ಮೇಲಿಂದ ಹೆಂಗೆ ಕಾಣುತ್ತೆ ತೋರಿಸ್ತೀನಿ ಅಂದದ್ದು ಅದನ್ನು. ಒಂದು ದಿನವೂ ತುದಿ ಮುಟ್ಟದ ನಾನು ಅಲ್ಲಿಂದ ಒಂದು ದಿನವೂ ಕೆಳಗೆ ನೋಡಿರಲಿಲ್ಲವಲ್ಲ.

ಇಷ್ಟು ದೂರದ ಸಣ್ಣ ದೀಪವನ್ನು ಹಿಡಿದಿಡುವುದು ಈ ಕಾರ್ಡಿಗೆ ಕಷ್ಟ. ಬಿಡಿಸುತ್ತದೆ, ಕೈಬಿಡುತ್ತದೆ, ಮತ್ತೆ ಬಿಡಿಸುತ್ತದೆ. ನೀನು ಹೇಳಿದ ಹಾಗೆ ಅದನ್ನು ಬೈಯಲಿಲ್ಲ.

ಮುಂದಿನ ತಿಂಗಳು ಅವಳ ವರ್ಷದ ಕಾರ್ಯ. ಎಲೆ ಬಿಟ್ಟು ಎದ್ದವನನ್ನು ಮತ್ತೆ ಎಲೆಗೆ ಕರೆಯುವ ಬಾಯಿ ನನಗಿಲ್ಲ. ಹಿಂದಿನ ದಿನವೇ ಬಂದು ಈ ಹಲಗೆಯ ಇನ್ನೊಂದು ತುದಿಗೆ ಕೂರು, ಆಮೇಲೆ ಊಟದ ಮಾತು. ನಿನ್ನಕ್ಕನನ್ನು ತಿಂದದ್ದು ಈ ಡಬ್ಬವಲ್ಲ. ಅವಳ ಕೊನೆಯ ನಾಲ್ಕು ವರ್ಷದಲ್ಲಿ ಅವಳ ಜೊತೆ ಕೂತದ್ದು ಇದೊಂದೇ, ಇದನ್ನು ತಂದುಕೊಟ್ಟವನು ನೀನು. ಎಲ್ಲರ ಎದುರಿಗೆ ಅಂದದ್ದನ್ನು ಎಲ್ಲರ ಎದುರಿಗೇ ವಾಪಸು ತೆಗೆದುಕೊಳ್ಳುತ್ತೇನೆ. ಅದಕ್ಕೆ ನೀನು ಇರಬೇಕು.

ಇನ್ನೂ ಬರೆಯುವುದಿತ್ತು. ಗೆರೆ ಯಾವುದು, ಅಕ್ಷರ ಯಾವುದು ತಿಳಿಯುತ್ತಿಲ್ಲ, ಇಲ್ಲಿ ಬೆಳಕು ಹೋಗುತ್ತಿದೆ. ಎದ್ದು ಸ್ವಿಚ್ಚು ಹಾಕಿದರೆ ಬಲ್ಬು ಪರದೆಯ ಗಾಜಿನ ಮೇಲೆ ಬೀಳುತ್ತದೆ, ಆಗ ಕೆಳಗಿನ ದೀಪ ಕಾಣುವುದಿಲ್ಲ. ಹಾಗಾಗಿ ಪೆನ್ನು ಇಡುತ್ತೇನೆ.

ಭಾವ